ಬೋಟಿನ ದಿಕ್ಸೂಚಿ ಮೊಬೈಲ್ ಕಂಡರೆ ಯಾಕೆ ತಿರುಗುತ್ತದೆ?

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಅಣ್ಣನ ಬೋಟಿನ ದಿಕ್ಸೂಚಿ ಯಾವಾಗಲೂ ಉತ್ತರಕ್ಕೇ ನಿಲ್ಲುತ್ತದೆ. ಮೊಬೈಲ್ ಹತ್ತಿರ ಇಟ್ಟರೆ ಮಾತ್ರ ಮುಳ್ಳು ತಿರುಗಿಬಿಡುತ್ತದೆ, ಯಾಕೆ ಸರ್?
– ಓದುಗರೊಬ್ಬರು, ಉಡುಪಿ

ಉತ್ತರ: ಒಳ್ಳೆಯ ಪ್ರಶ್ನೆ. ನಮ್ಮ ಕಾಲಡಿ ಸುಮಾರು 2,900 ಕಿ.ಮೀ. ಆಳದಲ್ಲಿ ಕರಗಿದ ಕಬ್ಬಿಣ ಸದಾ ಹರಿದಾಡುತ್ತಿರುತ್ತದೆ, ಅದರಲ್ಲಿ ವಿದ್ಯುತ್ ಹುಟ್ಟಿ ಇಡೀ ಭೂಮಿಯೇ ಒಂದು ಅಯಸ್ಕಾಂತದ ಹಾಗೆ ವರ್ತಿಸುತ್ತದೆ. ದಿಕ್ಸೂಚಿಯ ಮುಳ್ಳೂ ಅಯಸ್ಕಾಂತವೇ ಅಲ್ವಾ, ಹಾಗಾಗಿ ಅದು ಭೂಮಿಯ ಕಾಂತಕ್ಷೇತ್ರದ ಸಾಲಿಗೆ ಹೊಂದಿಕೊಂಡು ನಿಲ್ಲುತ್ತದೆ. ಆದರೆ ಈ ಕ್ಷೇತ್ರ ತುಂಬಾ ದುರ್ಬಲ. ಮೊಬೈಲಿನ ಸ್ಪೀಕರಿನಲ್ಲಿ ಪುಟ್ಟ ಅಯಸ್ಕಾಂತ ಇದೆ, ತೀರಾ ಹತ್ತಿರ ತಂದರೆ ಅದರದ್ದೇ ಜೋರು. ಕಬ್ಬಿಣದ ಸಾಮಾನೂ ಹೀಗೇ ದಾರಿ ತಪ್ಪಿಸುತ್ತದೆ, ದಯವಿಟ್ಟು ಎಲ್ಲವನ್ನೂ ದೂರ ಇಡಲು ಅಣ್ಣನಿಗೆ ಹೇಳಿ.

ಇನ್ನೊಂದು ವಿಷಯ. ಮುಳ್ಳು ತೋರಿಸುವುದು ನಿಜವಾದ ಉತ್ತರವನ್ನಲ್ಲ, ಕಾಂತೀಯ ಉತ್ತರವನ್ನು. ನಮ್ಮ ಕರಾವಳಿಯಲ್ಲಿ ಈ ವ್ಯತ್ಯಾಸ ಬಹಳ ಕಡಿಮೆ, ಒಂದೆರಡು ಡಿಗ್ರಿ ಅಷ್ಟೇ. ಕಾಂತೀಯ ಸಮಭಾಜಕ ರೇಖೆ, ಅಂದರೆ ಮುಳ್ಳು ಮೇಲಕ್ಕೂ ಕೆಳಕ್ಕೂ ಬಾಗದೆ ಸಮವಾಗಿ ನಿಲ್ಲುವ ಜಾಗಗಳ ಸಾಲು, ಕೇರಳದ ‘ತುಂಬಾ’ ಎಂಬ ಊರಿನ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ ಹಾರಿಸಲು ಆ ಊರನ್ನು ಆರಿಸಿದ್ದೂ ಇದೇ ಕಾರಣಕ್ಕೆ. ನಾವು ಆ ರೇಖೆಗೆ ಹತ್ತಿರ ಇರುವುದರಿಂದ ಇಲ್ಲಿ ಮುಳ್ಳು ಕೆಳಕ್ಕೆ ಜಾಸ್ತಿ ಬಾಗುವುದೂ ಇಲ್ಲ. ಧ್ರುವದ ಹತ್ತಿರ ಹೋದರೆ ಅದು ನೆಲದ ಕಡೆಗೇ ಮೂತಿ ಮಾಡುತ್ತದೆ.