ಚಿಮಣಿ ಹೊಗೆಯ ಡೇಟಾದಲ್ಲಿ ಎಲ್ಲ ಅನಿಲಗಳ ಕೋರಿಲೇಶನ್ 0.9 ದಾಟುತ್ತಿದೆ, ಸರಿಯೇ?

ನಿಮ್ಮ ಹತ್ತಿರ ಒಂದು ಬಾಯ್ಲರ್ ಚಿಮಣಿಯ ಗಂಟೆವಾರು ಡೇಟಾ ಇದೆ. ಕಾರ್ಬನ್ ಮಾನಾಕ್ಸೈಡ್, ನೈಟ್ರಿಕ್ ಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಎಲ್ಲವೂ ಗಂಟೆಗೆ ಇಷ್ಟು ಕಿಲೋ ಅಂತ. ಎರಡೆರಡು ಅನಿಲಗಳ ಕೋರಿಲೇಶನ್ (ಎರಡೂ ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಅನ್ನುವ ಅಳತೆ, -1ರಿಂದ 1) ತೆಗೆದು, ಅದನ್ನು ಬಣ್ಣದ ಚೌಕಗಳಲ್ಲಿ ತೋರಿಸುವ ಹೀಟ್‌ಮ್ಯಾಪ್ ಮಾಡಿದರೆ ಎಲ್ಲ ಚೌಕಗಳೂ ಕಡುಗೆಂಪು ಬರುತ್ತಿವೆ, ಅಲ್ವಾ?

ಲೆಕ್ಕ ತಪ್ಪಿಲ್ಲ. ಆದರೆ ಅಲ್ಲಿ ಕಾಣುತ್ತಿರುವುದು ಅನಿಲಗಳ ನಂಟಲ್ಲ, ಬಾಯ್ಲರ್‌ನ ಲೋಡ್, ಅಂದರೆ ಅದು ಎಷ್ಟು ಜೋರಾಗಿ ನಡೆಯುತ್ತಿದೆ ಅನ್ನುವುದು. ಗಂಟೆಗೆ ಇಷ್ಟು ಕಿಲೋ ಅನ್ನುವುದು ಸಾಂದ್ರತೆಯನ್ನು ಹೊಗೆಯ ಹರಿವಿನಿಂದ ಗುಣಿಸಿದ ಸಂಖ್ಯೆ. ಇಂಧನ ಜಾಸ್ತಿ ಉರಿದ ಗಂಟೆಯಲ್ಲಿ ಹರಿವು ಜಾಸ್ತಿ, ಹಾಗಾಗಿ ಎಲ್ಲವೂ ಒಟ್ಟಿಗೆ ಏರುತ್ತವೆ. ಬಾಯ್ಲರ್ ನಿಂತಾಗ ಎಲ್ಲವೂ ಸೊನ್ನೆ. ಆ ಗಂಟೆಗಳನ್ನು ತೆಗೆಯದಿದ್ದರೆ ಕೋರಿಲೇಶನ್ ಇನ್ನೂ ಮೇಲೇರುತ್ತದೆ.

ಹಾಗಂತ ಎಲ್ಲ ಕಾಲಂಗಳನ್ನೂ ಲೋಡ್‌ನಿಂದ ಸುಮ್ನೆ ಭಾಗಿಸಬೇಡಿ. ಒಂದೇ ಸಂಖ್ಯೆಯಿಂದ ಭಾಗಿಸಿದ ಎರಡು ಕಾಲಂಗಳ ನಡುವೆ ಇಲ್ಲದ ನಂಟು ಹುಟ್ಟಿಕೊಳ್ಳಬಹುದು. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1897ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಕಿಲೋ ಬದಲು ಸಾಂದ್ರತೆಯ ಕಾಲಂ ತೆಗೆದುಕೊಂಡು, ಲೋಡ್ 70ರಿಂದ 80 ಶೇಕಡಾ ಇರುವ ಗಂಟೆಗಳನ್ನಷ್ಟೇ ಬೇರೆ ಮಾಡಿ ನೋಡುವುದು ನನಗೆ ಇಷ್ಟವಾದ ದಾರಿ.

ಆಮೇಲೆ ಹೀಟ್‌ಮ್ಯಾಪ್‌ಗೂ ಮೊದಲು ಸ್ಕ್ಯಾಟರ್ ಪ್ಲಾಟ್ ಹಾಕಿ, ಒಂದೊಂದು ಗಂಟೆಗೂ ಒಂದೊಂದು ಚುಕ್ಕಿ. ಅಡ್ಡಕ್ಕೆ ಕಾರ್ಬನ್ ಮಾನಾಕ್ಸೈಡ್, ಉದ್ದಕ್ಕೆ ನೈಟ್ರಿಕ್ ಆಕ್ಸೈಡ್, ಚುಕ್ಕಿಗಳ ಬಣ್ಣಕ್ಕೆ ಹೊಗೆಯಲ್ಲಿ ಉಳಿದ ಆಕ್ಸಿಜನ್. ಸಾಮಾನ್ಯವಾಗಿ ಆಕ್ಸಿಜನ್ ಕಡಿಮೆ ಇರುವ ಚುಕ್ಕಿಗಳು ಬಲಗಡೆ ಕೆಳಗೆ ಕೂರುತ್ತವೆ: ಉರಿಯಲು ಗಾಳಿ ಸಾಲದೆ ಮಾನಾಕ್ಸೈಡ್ ಜಾಸ್ತಿಯಾಗಿದೆ. ಗಾಳಿ ಸ್ವಲ್ಪ ಹೆಚ್ಚಿದರೆ ಅದು ಸರ್ರನೆ ಇಳಿದು ತಳ ಹಿಡಿಯುತ್ತದೆ, ನೈಟ್ರಿಕ್ ಆಕ್ಸೈಡ್ ಏರುತ್ತದೆ. ಕಡುಗೆಂಪಾಗಿದ್ದ ಅದೇ ಜೋಡಿ ಈಗ ಎದುರುಬದುರು! ಬಾಯ್ಲರ್ ನಡೆಸುವವರಿಗೆ ಬೇಕಾದ ಮಾಹಿತಿ ಇರುವುದು ಇಲ್ಲೇ. ಸಲ್ಫರ್ ಡೈಆಕ್ಸೈಡ್ ಮಾತ್ರ ಇಂಧನದಲ್ಲಿರುವ ಗಂಧಕದ ಹಿಂದೆ ಹೋಗುತ್ತದೆ, ಈ ಜೋಡಿಯ ಗೋಜಿಗೆ ಅಷ್ಟಾಗಿ ಬರುವುದಿಲ್ಲ.

ಈ ಚುಕ್ಕಿಗಳು ನೇರ ಗೆರೆಯಲ್ಲಿಲ್ಲ, ಬಾಗಿದ ಗೆರೆಯಲ್ಲಿವೆ. ಸಾಮಾನ್ಯವಾಗಿ ಬಳಸುವ ಪಿಯರ್ಸನ್ ಕೋರಿಲೇಶನ್ ಅಳೆಯುವುದು ನೇರ ಗೆರೆಯ ನಂಟನ್ನು. ಆದ್ದರಿಂದ ಪೈಥಾನ್‌ನ ಡೇಟಾ ಲೈಬ್ರರಿ ಪಾಂಡಾಸ್‌ನ ಕಾರ್ (corr) ಮೆಥಡ್‌ನಲ್ಲಿ ಸ್ಪಿಯರ್‌ಮನ್ ಅನ್ನುವ ಇನ್ನೊಂದು ಕೋರಿಲೇಶನ್ ಆರಿಸಿ. ಅದು ಬೆಲೆಗಳ ಬದಲು ಅವುಗಳ ರ‍್ಯಾಂಕ್ ನೋಡುತ್ತದೆ, ಒಂದೆರಡು ವಿಪರೀತ ಬೆಲೆಗಳಿಗೆ ಅಲುಗಾಡುವುದಿಲ್ಲ.

ಅದಕ್ಕೂ ಮೊದಲು ಡೇಟಾ ಶುಚಿ ಮಾಡಿ. ಅನಿಲ ಅಳೆಯುವ ಅನಲೈಸರ್ ಕೆಟ್ಟಾಗ -999 ಅಂತ ತುಂಬಿದ್ದರೆ ಅದನ್ನು ಖಾಲಿ ಮಾಡಲೇಬೇಕು. ಎರಡು ಕಾಲಂಗಳಲ್ಲೂ ಒಂದೇ ಗಂಟೆಗೆ -999 ಇದ್ದರೆ ಪಿಯರ್ಸನ್ 1ರ ಹತ್ತಿರ ಹೋಗಿಬಿಡುತ್ತದೆ. ಖಾಲಿ ಜಾಗಗಳನ್ನು ಪಾಂಡಾಸ್ ಜೋಡಿ ಜೋಡಿಯಾಗಿ ಬಿಡುತ್ತದೆ, ಅಂದರೆ ಒಂದೊಂದು ಚೌಕಕ್ಕೂ ಬೇರೆ ಬೇರೆ ಗಂಟೆಗಳು ಲೆಕ್ಕಕ್ಕೆ ಬಂದಿರಬಹುದು. ನೈಟ್ರಿಕ್ ಆಕ್ಸೈಡ್ ಮತ್ತು ಒಟ್ಟು ನೈಟ್ರೋಜನ್ ಆಕ್ಸೈಡ್ ಎರಡನ್ನೂ ಒಂದೇ ಚಿತ್ರದಲ್ಲಿ ಇಡಬೇಡಿ. ಮೊದಲನೆಯದು ಎರಡನೆಯದರ ಭಾಗವೇ, ಅವು ಜೊತೆಗೇ ಏರುತ್ತವೆ. ನಂಟು ಆಕಸ್ಮಿಕವಲ್ಲ ಅಂತ ಸೂಚಿಸಲು ಹಾಕುವ ಪಿ-ವ್ಯಾಲ್ಯೂ ನಕ್ಷತ್ರಗಳನ್ನೂ ಬಿಡಿ. ಈ ಗಂಟೆಯ ಬೆಲೆ ಹಿಂದಿನ ಗಂಟೆಯದಕ್ಕೆ ಅಂಟಿಕೊಂಡೇ ಇರುವುದರಿಂದ ಅವು ನಂಬುವಂತಿರುವುದಿಲ್ಲ.

ಇಷ್ಟಾದ ಮೇಲೆ ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಲೈಬ್ರರಿ ಸೀಬಾರ್ನ್‌ನಲ್ಲಿ ಹೀಟ್‌ಮ್ಯಾಪ್ ಮಾಡಿ. ಬಣ್ಣದ ಅಳತೆ -1ರಿಂದ 1ರವರೆಗೆ, ಸೊನ್ನೆಗೆ ಬಿಳಿ. ಇದನ್ನು ಹೇಳದಿದ್ದರೆ ಅದು ನಿಮ್ಮ ಡೇಟಾದ ಕನಿಷ್ಠ, ಗರಿಷ್ಠಕ್ಕೆ ಬಣ್ಣ ಹೊಂದಿಸಿ 0.3ನ್ನೂ ಕಡುಗೆಂಪಾಗಿ ತೋರಿಸಬಹುದು. ಪೈಥಾನ್ ಬದಲು ಆರ್ (R) ಭಾಷೆ ಬಳಸುವುದಾದರೆ ವಾಯುಮಾಲಿನ್ಯದ ಡೇಟಾಗೆಂದೇ ಇರುವ ಓಪನ್‌ಏರ್ ಪ್ಯಾಕೇಜಿನ ಕಾರ್‌ಪ್ಲಾಟ್ ಇನ್ನೂ ಚೆನ್ನ. ಒಂದೇ ರೀತಿ ವರ್ತಿಸುವ ಅನಿಲಗಳನ್ನು ಅದೇ ಅಕ್ಕಪಕ್ಕ ಜೋಡಿಸಿಕೊಡುತ್ತದೆ.