ಓಪನ್ ಫೈಲ್ ಸಿಕ್ಕಿದ್ರೂ ಗೇಮ್ ಡ್ರಾ ಆಗೋದ್ಯಾಕೆ?

ಪ್ರಶ್ನೆ: ಸರ್, ಚೆಸ್‌ನಲ್ಲಿ ನಾನು ಓಪನ್ ಫೈಲ್‌ಗೆ (ಪಾನ್ ಅಂದ್ರೆ ಕಾಲಾಳು ಇಲ್ಲದ ಉದ್ದ ಸಾಲು) ಆನೆ ತರ್ತೀನಿ, ವೀಕ್ ಸ್ಕ್ವೇರ್‌ನಲ್ಲಿ (ಎದುರಾಳಿ ಪಾನ್‌ನಿಂದ ಕಾಯೋಕಾಗದ ಮನೆ) ಕುದುರೆ ಕೂರಿಸ್ತೀನಿ. ಆದ್ರೆ ಎದುರಾಳಿನೂ ಆನೆ ತಂದು ಎದುರಿಗಿಡ್ತಾನೆ, ನಾಲ್ಕೂ ಆನೆ ಖಾಲಿ, ಕುದುರೆನ ಒಂಟೆ ಹೊಡೆಯುತ್ತೆ, ಕೊನೆಗೆ ಡ್ರಾ. ನಾನು ಎಡವ್ತಿರೋದು ಎಲ್ಲಿ?

ಉತ್ತರ: ಫೈಲ್ ಅನ್ನೋದು ಬರೀ ದಾರಿ ಕಣ್ರೀ, ಆ ದಾರಿ ತುದೀಲಿ ಒಳಗೆ ನುಗ್ಗೋಕೆ ಒಂದು ಮನೆ ಬೇಕು. ಆರು, ಏಳು, ಎಂಟನೇ ಸಾಲಿನ ಮನೆಗಳನ್ನೆಲ್ಲ ಎದುರಾಳಿ ಕಾಯ್ತಿದ್ರೆ ನಿಮ್ಮ ಆನೆ ಅಲ್ಲಿ ಸುಮ್ನೆ ನಿಂತಿರುತ್ತೆ ಅಷ್ಟೇ.

ಕುದುರೆ ವಿಷ್ಯಕ್ಕೆ ಬರೋಣ, ತಪ್ಪು ಜಾಸ್ತಿ ಆಗೋದೇ ಇಲ್ಲಿ. ನೀವು ಬಿಳಿ, ಸಿಸಿಲಿಯನ್ ನಾಯ್ಡಾರ್ಫ್ ಅನ್ನೋ ಓಪನಿಂಗ್‌ನಲ್ಲಿ ಕಪ್ಪು ಪಾನ್‌ನ ಇ5ಗೆ (ಅಕ್ಷರ ಫೈಲ್, ಅಂಕಿ ಅಡ್ಡ ಸಾಲು) ತಳ್ತು ಅನ್ಕೊಳ್ಳಿ. ಸಿ ಪಾನ್ ಆಗ್ಲೇ ಡಿ4ನಲ್ಲಿ ಎಕ್ಸ್‌ಚೇಂಜ್ ಆಗಿದೆ, ಇ ಪಾನ್ ಮುಂದೆ ಹೋಯ್ತು, ಪಾನ್ ವಾಪಸ್ ಬರಲ್ವಲ್ಲ, ಅಲ್ಲಿಗೆ ಡಿ5 ಕಾಯೋಕೆ ಕಪ್ಪಿಗೆ ಪಾನೇ ಇಲ್ಲ. ಹಾಗಂತ ತಕ್ಷಣ ಕುದುರೆ ಹಾರಿಸ್ಬೇಡಿ, ಎಫ್6 ಕುದುರೆ, ಇ6 ಒಂಟೆ ಎರಡೂ ಅದನ್ನೇ ನೋಡ್ತಿರ್ತವೆ. ಅವ್ರು ಹೊಡೆದಾಗ ನೀವು ಇ4 ಪಾನ್‌ನಿಂದ ತಿರುಗಿ ಹೊಡೆದ್ರೋ, ಡಿ5 ಅನ್ನೋ ಆ ತೂತಿಗೆ ನಿಮ್ಮದೇ ಪಾನ್ ಬೆಣೆ ಹೊಡೆದಂಗಾಯ್ತು, ಡಿ ಫೈಲೂ ಬಂದ್, ಹಿಂದೆ ಬಿದ್ದಿದ್ದ ಡಿ6 ಪಾನ್ ಆರಾಮಾಗಿ ಉಸಿರಾಡುತ್ತೆ. ಮೊದ್ಲು ಒಂಟೆನ ಜಿ5ಗೆ ತಂದು ಎಫ್6 ಕುದುರೆ ತೆಗೀರಿ, ಇನ್ನೊಂದು ಒಂಟೆ ಕೊಟ್ಟು ಇ6 ಒಂಟೆ ತೆಗೀರಿ, ಅವ್ರ ಉಳಿದಿರೋ ಕುದುರೆ ಮೇಲೂ ಒಂದು ಕಣ್ಣಿಟ್ಟಿರಿ. ಆಮೇಲೆ ಅವ್ರ ಹತ್ರ ಇರೋದು ಕಪ್ಪು ಮನೆ ಒಂಟೆ, ಡಿ5 ಬಿಳಿ ಮನೆ, ಅದು ಜನ್ಮದಲ್ಲಿ ಮುಟ್ಟಲ್ಲ.

ಆನೆಗಳ ಎಕ್ಸ್‌ಚೇಂಜ್ ತಪ್ಪಿಸೋದಕ್ಕೆ 1974ರ ನೀಸ್ ಚೆಸ್ ಒಲಿಂಪಿಯಾಡ್‌ನ ಕಾರ್ಪೋವ್ (ಬಿಳಿ)-ಉನ್‌ಟ್ಸಿಕರ್ (ಕಪ್ಪು) ಗೇಮ್ ನೋಡ್ಲೇಬೇಕು. ಓಪನ್ ಆಗಿದ್ದು ಎ ಫೈಲ್, ಕಾರ್ಪೋವ್ 24ನೇ ನಡೆಯಲ್ಲಿ ಒಂಟೆನ ಎ7ಗೆ ತಂದು ತನ್ನ ಫೈಲನ್ನ ತಾನೇ ಮುಚ್ಚಿಬಿಟ್ಟ! ಮೊದಲ ಸಲ ನೋಡಿದಾಗ ನಂಗೆ ಪ್ರಿಂಟಿಂಗ್ ಮಿಸ್ಟೇಕ್ ಅನ್ಸಿತ್ತು. ಆದ್ರೆ ಒಂಟೆ ಅಡ್ಡ ನಿಂತಿರೋವರೆಗೂ ಕಪ್ಪಿಗೆ ಆನೆಗಳನ್ನ ಎಕ್ಸ್‌ಚೇಂಜ್ ಮಾಡೋಕಾಗಲ್ಲ, ಅದರ ಹಿಂದೆ ಬಿಳಿ ಆನೆಗಳು ನಿಧಾನಕ್ಕೆ ಸಾಲಾಗಿ ನಿಂತ್ವು, ಒಂಟೆ ಯಾವಾಗ ಸರಿಯುತ್ತೋ ಅನ್ನೋ ಭಯಕ್ಕೆ ಕಪ್ಪು ಆ ಕಡೆನೇ ಕಾಯ್ಬೇಕಾಯ್ತು, ಅಷ್ಟರಲ್ಲಿ ಕಾರ್ಪೋವ್ ರಾಜನ ಕಡೆ ಎಫ್ ಪಾನ್ ತಳ್ಕೊಂಡು ಹೊರಟ.

ನಿಮ್ಮ ಗೇಮ್‌ಗಳಲ್ಲಿ ಒಂಟೆ ಸಿಗದಿದ್ರೆ ಡಿ5 ಕುದುರೆನೇ ಆ ಪರದೆ, ಅದರ ಹಿಂದೆ ಡಿ1, ಡಿ2ನಲ್ಲಿ ಆನೆ ಜೋಡಿಸಿ. ಓಪನ್ ಫೈಲ್‌ನಲ್ಲಿ ಆನೆ-ಆನೆ ಎದುರಾದ್ರೆ ಅವಸರಕ್ಕೆ ನೀವೇ ಮೊದ್ಲು ಹೊಡೀಬೇಡಿ, ಹಿಂದೆ ಇನ್ನೊಂದು ಆನೆ ಸಪೋರ್ಟ್‌ಗೆ ಇಟ್ಕೊಂಡು ಅವ್ರೇ ಹೊಡೆಯೋ ಥರ ಮಾಡಿ, ತಿರುಗಿ ಹೊಡೆದಾಗ ಫೈಲ್ ನಿಮ್ಮ ಕೈಯಲ್ಲೇ ಇರುತ್ತೆ.