ಅನುಪಾತ 1ಕ್ಕಿಂತ ಕಡಿಮೆ ಇದ್ದರಷ್ಟೇ ಸಾಲದು

3 − 9/2 + 27/4 − 81/8 + … ಎಂಬ ಅನಂತ ಗುಣೋತ್ತರ ಶ್ರೇಢಿಯ ಮೊತ್ತ 6/5 ಎಂದು ನೀವು ಬರೆದಿರುವುದನ್ನು ನೋಡಿ ಉತ್ತರಿಸದೆ ಇರಲಾಗಲಿಲ್ಲ. ಸಾಮಾನ್ಯ ಅನುಪಾತ (ಒಂದು ಪದವನ್ನು ಗುಣಿಸಿ ಮುಂದಿನ ಪದ ಪಡೆಯುವ ಸಂಖ್ಯೆ) −3/2, ಅದು 1ಕ್ಕಿಂತ ಕಡಿಮೆ, ಆದ್ದರಿಂದ ಮೊದಲ ಪದವನ್ನು ‘1 − ಅನುಪಾತ’ದಿಂದ ಭಾಗಿಸುವ ಸೂತ್ರ ಅನ್ವಯಿಸುತ್ತದೆ ಎಂಬ ಇದೇ ತರ್ಕದಿಂದ ನಾನೂ ಒಮ್ಮೆ ಪರೀಕ್ಷೆಯಲ್ಲಿ ಒಂದು ಇಡೀ ಪ್ರಶ್ನೆಯ ಅಂಕ ಕಳೆದುಕೊಂಡಿದ್ದೇನೆ. 1ಕ್ಕಿಂತ ಕಡಿಮೆ ಇರಬೇಕಾದದ್ದು ಅನುಪಾತದ ನಿರಪೇಕ್ಷ ಮೌಲ್ಯ, ಅಂದರೆ ಚಿಹ್ನೆ ಬಿಟ್ಟ ಬೆಲೆ; ಇಲ್ಲಿ ಅದು 3/2.

ಅಂದಿನಿಂದ ಸೂತ್ರಕ್ಕೆ ಕೈಹಾಕುವ ಮೊದಲು ನಾಲ್ಕೈದು ಆಂಶಿಕ ಮೊತ್ತಗಳನ್ನು (ಮೊದಲ ಒಂದು, ಎರಡು, ಮೂರು… ಪದಗಳ ಮೊತ್ತಗಳನ್ನು) ಬರೆದುಕೊಳ್ಳದೆ ನಾನು ಮುಂದೆ ಹೋಗುವುದಿಲ್ಲ. ನಿಮ್ಮ ಶ್ರೇಢಿಯಲ್ಲಿ ಅವು 3, −1.5, 5.25, −4.875, 10.3125 ಎಂದು ಬರುತ್ತವೆ. ಇವು ನಿಮ್ಮ 1.2ರಿಂದ ಎಷ್ಟು ದೂರದಲ್ಲಿವೆ ಎಂದು ಅಳೆಯಿರಿ: 1.8, 2.7, 4.05, 6.075, 9.1125. ಪ್ರತಿ ಹೆಜ್ಜೆಗೂ ದೂರ ಸರಿಯಾಗಿ ಒಂದೂವರೆ ಪಟ್ಟು ಹೆಚ್ಚುತ್ತಿದೆ. ಸೂತ್ರ ಕೊಟ್ಟ ಸಂಖ್ಯೆಯಿಂದ ಮೊತ್ತ ಓಡಿಹೋಗುತ್ತಿದೆಯೇ ಹೊರತು ಅದರ ಬಳಿಗೆ ಬರುತ್ತಿಲ್ಲ. ಅನುಪಾತ −1/2 ಆಗಿದ್ದರೆ ಸೂತ್ರ ಕೊಡುವ ಸಂಖ್ಯೆಯಿಂದ ಇರುವ ದೂರ ಪ್ರತಿ ಸಲ ಅರ್ಧಕ್ಕೆ ಇಳಿಯುತ್ತಿತ್ತು.

ಇಡೀ ಮೊತ್ತವನ್ನು ಒಂದು ಅಕ್ಷರವೆಂದಿಟ್ಟುಕೊಂಡು, ಅನುಪಾತದಿಂದ ಗುಣಿಸಿ ಕಳೆಯುವ ವಿಧಾನವನ್ನು ದಯವಿಟ್ಟು ರುಜುವಾತೆಂದು ಬರೆಯಬೇಡಿ, ಏಕೆಂದರೆ ಮೊತ್ತ ಇದೆ ಎಂಬುದನ್ನೇ ಅದು ಮೊದಲು ಒಪ್ಪಿಕೊಂಡಿರುತ್ತದೆ. ಮೊದಲ ಎನ್ ಪದಗಳಿಗೆ ಮಾತ್ರ ಹಾಗೆ ಮಾಡಿದರೆ ಅನುಪಾತದ ಎನ್‌ನೇ ಘಾತ ಕಣ್ಣೆದುರೇ ಉಳಿಯುತ್ತದೆ, ಮತ್ತು ಅದು ಸೊನ್ನೆಯತ್ತ ಸಾಗಿದಾಗ ಮಾತ್ರ ಮೊದಲ ಪದವನ್ನು ‘1 − ಅನುಪಾತ’ದಿಂದ ಭಾಗಿಸುವ ಸೂತ್ರ ಸಿಂಧುವಾಗುತ್ತದೆ. ಅನುಪಾತ −1 ಆದಾಗ, ಅಂದರೆ 1 − 1 + 1 − 1 + … ಎಂಬಲ್ಲಿ, ಆಂಶಿಕ ಮೊತ್ತಗಳು 1 ಮತ್ತು 0ಯ ನಡುವೆ ಓಲಾಡುತ್ತಲೇ ಇರುತ್ತವೆ. ಆಂಶಿಕ ಮೊತ್ತಗಳ ಸರಾಸರಿ ಎತ್ತ ಸಾಗುತ್ತದೆ ಎಂದು ನೋಡಿ ಅದಕ್ಕೆ 1/2 ಎಂಬ ಬೆಲೆ ಕೊಡುವ ಚೆಜಾರೋ ಸರಾಸರಿಯ ಅರ್ಥವೇ ಬೇರೆ. ಅದನ್ನು ಇಲ್ಲಿ ಬೆರೆಸಬಾರದು.

ಸೂತ್ರಕ್ಕೆ ಸಂಖ್ಯೆ ತುಂಬಿಸಿ ಉತ್ತರ ಕೊಡುವ ಪುಟಗಳಿಗಿಂತ ನಕ್ಷೆ ಬಿಡಿಸುವ ಆನ್‌ಲೈನ್ ಸಾಧನವಾದ ಡೆಸ್ಮೋಸ್‌ನಲ್ಲಿ ಆಂಶಿಕ ಮೊತ್ತಗಳನ್ನು ಬಿಂದುಗಳಾಗಿ ಗುರುತಿಸುವುದು ನನ್ನ ಮಟ್ಟಿಗೆ ಮೇಲು, ಆದರೂ ಅನುಪಾತ 0.99ರಂತಿದ್ದರೆ ಅವು ಮೊತ್ತದತ್ತ ತೀರಾ ನಿಧಾನವಾಗಿ ಸಾಗುವುದರಿಂದ ಮೊದಲ ಕೆಲವು ಬಿಂದುಗಳನ್ನು ನಂಬಬೇಡಿ.

ಮೊದಲ ಪದದಲ್ಲಿಯೂ ಹಲವರು ಎಡವುತ್ತಾರೆ. 5 × (2/3)ರ ಘಾತಗಳನ್ನು ಎರಡನೇ ಘಾತದಿಂದ ಆರಂಭಿಸಿ ಕೂಡಿಸಬೇಕಿದ್ದರೆ ಮೊದಲ ಪದ 5 ಅಲ್ಲ, 20/9. ಆದ್ದರಿಂದ ಮೊತ್ತ 15 ಅಲ್ಲ, 20/3.

ಎಷ್ಟು ಪದ ಕೂಡಿಸಿದರೆ ಸಾಕು ಎಂದೂ ನೀವು ಕೇಳಿದ್ದೀರಿ. ಎನ್ ಪದಗಳ ನಂತರ ಉಳಿಯುವ ಬಾಕಿಯು ಪೂರ್ಣ ಮೊತ್ತ ಮತ್ತು ಅನುಪಾತದ ಎನ್‌ನೇ ಘಾತದ ಗುಣಲಬ್ಧ. ಬಾಕಿ ಪೂರ್ಣ ಮೊತ್ತದ ಶೇಕಡಾ 1ಕ್ಕಿಂತ ಕೆಳಗಿಳಿಯಲು ಅನುಪಾತ 1/2 ಇದ್ದರೆ 7 ಪದ ಸಾಕು, 0.9 ಇದ್ದರೆ 44 ಬೇಕು.